ಜಗನ್ನಾಥದಾಸರ ಆರಾಧನೆ

ಹರಿದಾಸ ಜಗನ್ನಾಥದಾಸರ (1728–1809) ಪುಣ್ಯದಿನವಾದ ಭಾದ್ರಪದ ಶುದ್ಧ ನವಮಿಯಂದು ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಪ್ರತಿವರ್ಷ ನಡೆಯುವ ಸ್ಮರಣೋತ್ಸವ. ಮಾನ್ವಿ ಸಮೀಪದ ಬ್ಯಾಗವಾಟದಲ್ಲಿ ಹುಟ್ಟಿದ ದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತ ಪಾಂಡಿತ್ಯದ ಬಿಗುಮಾನದಲ್ಲಿ ಅವರು ಚೀಕಲಪರವಿಯ ವಿಜಯದಾಸರ ಆಹ್ವಾನವನ್ನು ಕಡೆಗಣಿಸಿ ಹೊಟ್ಟೆನೋವಿಗೆ ತುತ್ತಾದರೆಂದೂ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಸಂಪ್ರದಾಯ ಹೇಳುತ್ತದೆ. ಇದು ಚರಿತ್ರೆಯಲ್ಲ, ಐತಿಹ್ಯ. ಆದರೆ ಪಂಡಿತರು ಕನ್ನಡದ ಹಾಡಿಗೆ ಒಲಿದ ಬಗೆಯನ್ನು ಚೆನ್ನಾಗಿ ಹಿಡಿದಿಡುತ್ತದೆ.

ಮಾನ್ವಿಯಲ್ಲಿ ಅವರು ವಾಸವಿದ್ದ ಮನೆ ಈಗ ಮಂದಿರ. ದಾಸರ ಸನ್ನಿಧಾನವಿದೆಯೆಂದು ಭಕ್ತರು ನಂಬುವ ಕಂಬಕ್ಕೆ ಅಲ್ಲಿ ಪೂಜೆ ಸಲ್ಲುತ್ತದೆ. ಆರಾಧನೆಯಲ್ಲಿ ಭಜನಾ ಮಂಡಳಿಗಳು 'ಜಗನ್ನಾಥವಿಠಲ' ಅಂಕಿತದ ಕೀರ್ತನೆಗಳನ್ನು ಹಾಡುತ್ತವೆ. ಭಾಮಿನಿ ಷಟ್ಪದಿಯ 'ಹರಿಕಥಾಮೃತಸಾರ'ದ ಪಾರಾಯಣ, ಪ್ರವಚನಗಳೂ ಇರುತ್ತವೆ. ದಾಸರ ಕಾಲದ ಧಾಟಿಗಳಿಗೆ ಸ್ವರಲಿಪಿಯ ಆಧಾರವಿಲ್ಲ. ಹಾಡುಗಳು ಬಾಯಿಂದ ಬಾಯಿಗೆ ಬಂದವು, ಇಂದಿನ ಕಛೇರಿಗಳ ರಾಗಸಂಯೋಜನೆ ಬಹುಪಾಲು ಈಚಿನದು.