ಠಾಣೆಯ ಪುಸ್ತಕದಾಚೆಗಿನ ರೋಣ ಸೀಮೆ

ರೋಣ, ನರಗುಂದ, ಗಜೇಂದ್ರಗಡದ ಅಪರಾಧಗಳ ಬಗ್ಗೆ ಈಚೆಗೆ ಬರೆಯುವವರು ಗಾಂಜಾದಿಂದಲೇ ಶುರು ಮಾಡುತ್ತಾರೆ. ಹಳ್ಳಿ ಚೊಕ್ಕವಾಗಿತ್ತು, ಪೇಟೆಯ ಗಾಳಿ ಬಡಿದು ಕೆಟ್ಟಿತು ಎನ್ನುತ್ತಾರೆ. ಚಟ ಬಿಡಿಸುವ ಕೆಲಸದಲ್ಲೇ ವಯಸ್ಸು ಕಳೆದ ನಾನು ಇದನ್ನು ಒಪ್ಪಲಾರೆ.

ಬ್ರಿಟಿಷರ ದಾಖಲೆಗಳಲ್ಲಿ ಅಪರಾಧಕ್ಕಿಂತ ಆಳುವವರ ಭಯವೇ ಹೆಚ್ಚು. 1858ರಲ್ಲಿ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ಕಣ್ಣಿಗೆ ಗಲ್ಲಿಗೇರಿಸಬೇಕಾದ ಅಪರಾಧಿ. ಮುಂದೆ ಇಡೀ ಸಮುದಾಯಗಳಿಗೇ ‘ಅಪರಾಧಿ ಬುಡಕಟ್ಟು’ ಎಂಬ ಮುದ್ರೆ ಬಿತ್ತು. ಅವರನ್ನು ಕಾವಲಿನಲ್ಲಿ ಕೂಡಿಡಲು ಗದಗ-ಬೆಟಗೇರಿಯಲ್ಲಿ ಸೆಟ್ಲ್‌ಮೆಂಟ್ ಎದ್ದಿತು. 1952ರ ಹೊತ್ತಿಗೆ ಈ ಮುದ್ರೆ ಒತ್ತಿದ ಕಾಯ್ದೆ ಹೋಯಿತು, ಶಂಕೆ ಹೋಗಲಿಲ್ಲ.

ಈ ಸೀಮೆ ಆಗ ಸೇರಿದ್ದ ಮುಂಬಯಿ ರಾಜ್ಯದ ಪಾನನಿಷೇಧ 1950ರಲ್ಲಿ ಇಲ್ಲಿಗೂ ಬಂತು. ನಾವು ಮೈಸೂರು ರಾಜ್ಯ ಸೇರಿದ ಮೇಲೆ, 1967ರಲ್ಲಿ, ಅಲ್ಲಿನ ಸರ್ಕಾರ ಅದನ್ನು ತೆಗೆಯಿತು. ಸಾರಾಯಿ ಅಂಗಡಿ ಊರ ಮುಂದೆ ಬಂದದ್ದು ಆಮೇಲೆ. ಅದರ ಬೆನ್ನಿಗೇ ಮಟಕಾ. ನ್ಯೂಯಾರ್ಕಿನ ಹತ್ತಿ ದರದ ಮೇಲೆ ಮುಂಬಯಿಯಲ್ಲಿ ಹುಟ್ಟಿದ ಈ ಜೂಜು, ಓಸಿ ಚೀಟಿಯಾಗಿ ಹತ್ತಿ ಬೆಳೆಯುವ ನಮ್ಮ ಎರಿ ನೆಲಕ್ಕೇ ಬಂದು ದಿನಗೂಲಿಯವರ ಸಂಜೆಯ ಪಗಾರ ನುಂಗಿತು.

ನಮ್ಮ ತಲೆಮಾರನ್ನು ಚಟ ಬಿಡಿಸುವ ಕೆಲಸಕ್ಕೆ ಎಳೆದದ್ದು ಸರ್ಕಾರವಲ್ಲ, ಇಳಕಲ್ಲಿನ ಮಹಾಂತ ಸ್ವಾಮಿಗಳು. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಜೋಳ ಬೇಡಲಿಲ್ಲ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ಕುಡುಕನನ್ನು ಕಳ್ಳನಂತೆ ಕಾಣದೆ, ಅವನ ಮನೆ ಬಾಗಿಲಲ್ಲಿ ತಾವೇ ಭಿಕ್ಷುಕರಾಗಿ ನಿಂತರು. ಹೆಂಡತಿ ಮಕ್ಕಳೆದುರು ಕೊಟ್ಟ ಮಾತಿಗೆ ಇದ್ದ ಬಲ ಯಾವ ದಂಡಕ್ಕೂ ಇರಲಿಲ್ಲ. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯವೀಗ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆದರೆ ಮಾತು ಕೊಟ್ಟವನಿಗೆ ಕೈ ನಡುಗಿ, ನಿದ್ದೆಗೆಟ್ಟು, ಇಲ್ಲದ್ದು ಕಾಣತೊಡಗಿದಾಗ ಹತ್ತಿರದಲ್ಲಿ ವೈದ್ಯರು ಬೇಕು. ನಮ್ಮ ಚಳವಳಿ ಅಲ್ಲಿ ಸೋತಿತು.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಹೆಣ್ಣುಮಕ್ಕಳು ಹಿಗ್ಗಿದರು. ಕುಡಿತ ಮಾತ್ರ ಅಗ್ಗದ ವಿಸ್ಕಿಗೆ ಹೊರಳಿತು. 90 ಮಿಲಿಯ ಪಾಕೀಟು ಕಿರಾಣಿ ಅಂಗಡಿಗೂ ಬಂತು. ಈಗ ಮಟಕಾದ ಜೊತೆಗೆ ಮೊಬೈಲ್ ಜೂಜು ಸೇರಿದೆ. ಗಾಂಜಾ ಇಲ್ಲವೆನ್ನುತ್ತಿಲ್ಲ, ಆದರೆ ಅದರ ಪ್ರಕರಣಗಳ ಸಂಖ್ಯೆ ಪೊಲೀಸರು ಎಷ್ಟು ಹುಡುಕಿದರೆಂಬುದನ್ನು ಹೇಳುತ್ತದೆ, ಎಷ್ಟು ಮಂದಿ ಸೇದುತ್ತಾರೆಂಬುದನ್ನಲ್ಲ.

ಅಂಕಿಸಂಖ್ಯೆ ನಂಬಿ ಏರಿಳಿತದ ಗೆರೆ ಎಳೆಯುವವರು ಇನ್ನೊಂದನ್ನು ಮರೆಯುತ್ತಾರೆ. ನಮ್ಮ ಗದಗ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮುಂಚಿನ ಜಿಲ್ಲಾ ಲೆಕ್ಕ ಧಾರವಾಡದ್ದು. ಗಜೇಂದ್ರಗಡದ ತಾಲ್ಲೂಕು ಲೆಕ್ಕ ಮೊನ್ನೆಮೊನ್ನೆಯವರೆಗೂ ರೋಣದಲ್ಲಿ ಬೆರೆತಿತ್ತು. 1980ರ ಜುಲೈನಲ್ಲಿ ನೀರಿನ ಕರದ ವಿರುದ್ಧ ಎದ್ದ ನರಗುಂದದ ರೈತರ ಮೇಲಿನ ಕೇಸುಗಳೂ ಅಪರಾಧದ ಪಟ್ಟಿಗೇ ಸೇರಿದವು. ಗಂಡ ಕುಡಿದು ಬಡಿದದ್ದು ಮಾತ್ರ ಬಹುಪಾಲು ಎಲ್ಲೂ ಸೇರಲಿಲ್ಲ. ಹಿರಿಯರು ಕೂತು ‘ಬಗೆಹರಿಸಿದರು’. ಆ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಿ ಬರೆದುಕೊಳ್ಳುವ ಕೆಲಸ ಬಾಕಿಯಿದೆ. ಇನ್ನು ವೈದ್ಯರ ಕೊರತೆಗೂ ದಾರಿಯಿದೆ. ಆಗ ಪಕ್ಕದ ಜಿಲ್ಲೆಯಾಗಿದ್ದ ಬಳ್ಳಾರಿಯಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 1980ರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟು ತೋರಿಸಿತ್ತು. ಅದೇ ತರಬೇತಿ ಈ ಮೂರೂ ತಾಲ್ಲೂಕುಗಳ ಪ್ರತಿ ವೈದ್ಯರಿಗೂ ಸಿಗಬೇಕು, ಕುಡಿತ ಬಿಡಿಸುವ ಔಷಧಿ ಅಲ್ಲೇ ದೊರೆಯಬೇಕು.