‘ಸೌಮ್ಯ’ವೆಂಬ ಮಾತು

ಹೆಸರಿಟ್ಟ ಮಾತ್ರಕ್ಕೆ ವ್ಯಾಧಿ ಸೌಮ್ಯವಾದೀತೆ? ರಕ್ತದಲ್ಲಿ ಒಂದೇ ಅಚ್ಚಿನ ಪ್ರೋಟೀನು ಹೆಚ್ಚಿದ್ದೂ ಆರೋಗ್ಯದಿಂದಿದ್ದವರನ್ನು ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಅವರು 1961ರಲ್ಲಿ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನವರಿಂದ ಬೇರ್ಪಡಿಸಿ, ಆ ಸ್ಥಿತಿಯನ್ನು ‘ಸೌಮ್ಯ’ವೆಂದರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ರಾಬರ್ಟ್ ಕೈಲ್ ಅಂಥ 241 ಜನರನ್ನು ವರ್ಷಗಟ್ಟಲೆ ಗಮನಿಸಿದರು. ಕೆಲವರಲ್ಲಿ ಕ್ಯಾನ್ಸರು ತಲೆಯೆತ್ತಿತು. 1978ರಲ್ಲಿ ಅವರು ಹಳೆಯ ವಿಶೇಷಣವನ್ನು ಬಿಟ್ಟು, ‘ಮಹತ್ವ ನಿರ್ಧಾರವಾಗದ’ ಸ್ಥಿತಿ ಎಂದು ಹೆಸರಿಟ್ಟರು. ಕನ್ನಡ ಕಲಿಸುವ ನನ್ನ ಕಿವಿಗೆ ಈ ಮಾತು ಒರಟು, ಆದರೂ ಪ್ರಾಮಾಣಿಕ. 2002ರಲ್ಲಿ 1,384 ಜನರ ಲೆಕ್ಕ ಹೊರಬಂದಿತು: ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ ಅದು ಕ್ಯಾನ್ಸರಿಗೆ ತಿರುಗುತ್ತದೆ, 25 ವರ್ಷ ಕಳೆದರೂ ಅಪಾಯ ಅಳಿಯುವುದಿಲ್ಲ. ಪ್ರೋಟೀನು ಹೆಚ್ಚಿದಷ್ಟೂ ಅದೂ ಹೆಚ್ಚು. ಹುಬ್ಬಳ್ಳಿಯ ದವಾಖಾನೆಯಿಂದ ಇಂಥ ವರದಿ ಹಿಡಿದು ಬಂದವರಿಗೆ ಸಾಮಾನ್ಯವಾಗಿ ಔಷಧವಿರದು. ಆಗಾಗ ರಕ್ತಪರೀಕ್ಷೆ ಮಾತ್ರ.