ಲೆಕ್ಕಕ್ಕೆ ಸಿಗದ ಬಲ

ಮೆಚ್ಚಿದ ಕಥೆಯನ್ನು ಕೇಳಿ ಸುಮ್ಮನಿರುವುದು ಮನುಷ್ಯನ ಸ್ವಭಾವವಲ್ಲ. ಅವನು ಅದನ್ನು ಹಾಡುತ್ತಾನೆ, ಗೋಡೆಯ ಮೇಲೆ ಚಿತ್ರಿಸುತ್ತಾನೆ, ವೇಷ ಕಟ್ಟಿ ಕುಣಿಯುತ್ತಾನೆ, ಒಮ್ಮೊಮ್ಮೆ ಆಟವಾಗಿಸಿ ಆಡುತ್ತಾನೆ. ಚಿತ್ರದುರ್ಗ, ಹೊಳಲ್ಕೆರೆಯ ಸೀಮೆಯಲ್ಲಿ ಬಯಲಾಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಥೆ ಮಹಾಭಾರತದ್ದಾದರೂ ಅಲ್ಲಿ ಕೇಳಿಬರುವ ಮಾತು, ನಗೆ, ಸಿಟ್ಟು ಎಲ್ಲವೂ ಊರಿನವು. ನಮ್ಮ ಧರ್ಮಕೇಂದ್ರಗಳ ಯುವಕರು ಕ್ರಿಸ್ತಜಯಂತಿಗೆ ಕಟ್ಟುವ ಗೋದಲಿಯೂ ಅಂಥದ್ದೇ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಪ್ರಭುವಿನ ಜನನವನ್ನು ಜನರ ಕಣ್ಣಿಗೆ ಕಟ್ಟಿಸಿದರು. ಇಂದು ಊರೂರಿನಲ್ಲೂ ಬೆತ್ಲೆಹೇಮ್ ಹೊಸದಾಗಿ ಮೈತಳೆಯುತ್ತದೆ. ನಮ್ಮಲ್ಲಿ ಅದರ ಬಯಲಿಗೆ ರಾಗಿಯ ಪೈರು ಬರುತ್ತದೆ, ಅದರ ಬೆಟ್ಟ ನಮ್ಮ ಬೆಟ್ಟದಂತೆಯೇ ಕಾಣುತ್ತದೆ.

ಕಥೆಯು ಆಟದೊಳಗೆ ಸೇರಿಕೊಳ್ಳುವುದಕ್ಕೂ ಕನ್ನಡ ನಾಡಿನಲ್ಲಿ ಹಳೆಯ ಇತಿಹಾಸವಿದೆ. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟ ಪರ್ಷಿಯಾದ ಕಡೆಯಿಂದ ಬಂದದ್ದು. ಬಾಬರನ ಆತ್ಮಕಥೆಯಲ್ಲಿ 1527ರಷ್ಟು ಹಿಂದೆಯೇ ಅದರ ಉಲ್ಲೇಖವಿದೆ. ಮೊಗಲರ ಆಟದಲ್ಲಿ 8 ವರ್ಗಗಳು, 96 ಎಲೆಗಳು. ಅದೇ ಆಟ ದಶಾವತಾರ ಗಂಜೀಫಾ ಆದಾಗ ಅವತಾರಕ್ಕೊಂದರಂತೆ 10 ವರ್ಗಗಳು, 120 ಎಲೆಗಳಾದವು. ಆಟದ ಎಲುಬು ಹಳೆಯದು, ಮೈ ಹೊಸದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಕಲೆಯನ್ನು ಬಹುದೂರ ಬೆಳೆಸಿದರು. ಬ್ರಿಟಿಷರು 1831ರಲ್ಲಿ ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಳುವ ಅಧಿಕಾರವಿಲ್ಲದ ಆ ಅರಸರು ವಿದ್ಯೆ, ಕಲೆ, ಆಟಗಳಲ್ಲಿ ಮನಸ್ಸಿಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಬಳಕೆಯಲ್ಲಿದ್ದ ಆಟಗಳನ್ನು ತೆಗೆದುಕೊಂಡು, ಅವುಗಳ ಮನೆಗಳಲ್ಲೂ ಎಲೆಗಳಲ್ಲೂ ಪುರಾಣಗಳ ಲೋಕವನ್ನು ತುಂಬಿ, ಅವರು ಹೊಸ ಆಟಗಳನ್ನು ರಚಿಸಿದರು.

ಒಂದೂವರೆ ಶತಮಾನದ ನಂತರ ಇದೇ ಕೆಲಸವನ್ನು ಜಗತ್ತಿನ ನಾನಾ ಭಾಗಗಳ ಸಾಮಾನ್ಯ ಯುವಕರು ಕಂಪ್ಯೂಟರಿನಲ್ಲಿ ಕೈಗೊಂಡರು. ಯಾವುದೋ ಕಂಪನಿ ಮಾರಿದ ಯುದ್ಧತಂತ್ರದ ಆಟವೊಂದನ್ನು ತೆಗೆದುಕೊಂಡು, ಅದರ ಭೂಪಟ, ಕೋಟೆ, ಸೈನಿಕರು, ರಾಜರನ್ನೆಲ್ಲ ಬದಲಿಸಿ, ತಾವು ಪ್ರೀತಿಸುವ ಕಾದಂಬರಿಯ ಲೋಕವನ್ನು ಅದರೊಳಗೆ ಕೂಡಿಸುವುದು. ಇಂಥ ಮಾರ್ಪಾಡಿಗೆ ‘ಮಾಡ್’ ಎಂದು ಹೆಸರು. ಕನ್ನಡದ ಕಿವಿಗೆ ಅದು ‘ಮಾಡು’ ಎಂದೇ ಕೇಳಿಸುತ್ತದೆ; ಅರ್ಥವೂ ದೂರವಲ್ಲ. ಜಾರ್ಜ್ ಮಾರ್ಟಿನ್ ಅವರು 1996ರಲ್ಲಿ ಆರಂಭಿಸಿದ ಕಾದಂಬರಿ ಸರಣಿಯನ್ನು ಅಭಿಮಾನಿಗಳು 2012ರಲ್ಲಿ ‘ಕ್ರುಸೇಡರ್ ಕಿಂಗ್ಸ್ 2’ ಎಂಬ ಆಟದೊಳಗೆ ಇಳಿಸಿದರು. ಆದರೆ ಈ ಬಗೆಯ ಶ್ರಮವನ್ನು ಧಾರಾಳವಾಗಿ ಪಡೆದ ಗ್ರಂಥವೆಂದರೆ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಕ್ರೈಸ್ತ ಕುಟುಂಬಗಳು ಅದರ ಬಗ್ಗೆ ತಿಳಿದಿರಬೇಕಾದದ್ದಕ್ಕೆ ಕಾರಣವಿದೆ.

ಜೆ. ಆರ್. ಆರ್. ಟೋಲ್ಕಿನ್ (1892–1973) ಕಥೋಲಿಕ ವಿಶ್ವಾಸಿ. ಅವರ ವಿಧವೆ ತಾಯಿ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಬಂಧುಗಳ ವಿರೋಧವನ್ನು ಎದುರಿಸಬೇಕಾಯಿತು. 1904ರಲ್ಲಿ ಆಕೆ ತೀರಿಕೊಂಡ ಮೇಲೆ ಅನಾಥ ಬಾಲಕರಿಬ್ಬರ ಪೋಷಕರಾದವರು ಬರ್ಮಿಂಗ್‌ಹ್ಯಾಮ್ ಓರೆಟರಿಯ ಫಾದರ್ ಫ್ರಾನ್ಸಿಸ್ ಮಾರ್ಗನ್. ಆ ಓರೆಟರಿಯನ್ನು ಸ್ಥಾಪಿಸಿದವರು 2019ರಲ್ಲಿ ಸಂತಪದವಿಗೇರಿದ ಜಾನ್ ಹೆನ್ರಿ ನ್ಯೂಮನ್. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿದ್ದರು. ಅದೇ ವರ್ಷ ಇಬ್ಬರು ಆಪ್ತ ಗೆಳೆಯರನ್ನು ಯುದ್ಧದಲ್ಲಿ ಕಳೆದುಕೊಂಡರು. 1954–55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವರ ಮಹಾಕಥೆಯಲ್ಲಿ ದೇವಾಲಯವಿಲ್ಲ, ಗುರುಗಳಿಲ್ಲ. ಆದರೂ ಅದು ಮೂಲತಃ ಕಥೋಲಿಕ ಕೃತಿಯೇ ಎಂದು ಅವರು ಯೇಸುಸಭೆಯ ಗೆಳೆಯರೊಬ್ಬರಿಗೆ ಪತ್ರ ಬರೆದಿದ್ದರು. ಕೇಡಿನ ಉಂಗುರವನ್ನು ನಾಶಮಾಡಲು ಪಯಣಿಗರು ಹೊರಡುವ ದಿನ ಡಿಸೆಂಬರ್ 25. ಉಂಗುರ ನಾಶವಾಗುವ ದಿನ ಮಾರ್ಚ್ 25, ಅಂದರೆ ಮಂಗಳವಾರ್ತೆಯ ಮಹೋತ್ಸವದ ದಿನ. ತಮ್ಮ ಕಥಾಲೋಕದ ಕೆಲವು ಭಾಗಗಳನ್ನು ರೇಖೆಯಷ್ಟೇ ಎಳೆದು ಬಿಟ್ಟು, ಚಿತ್ರ, ಸಂಗೀತ, ನಾಟಕಗಳಿಂದ ಅವುಗಳನ್ನು ತುಂಬಲು ಬೇರೆಯವರ ಕೈಗಳಿಗೆ ಎಡೆ ಉಳಿಸಬೇಕೆಂಬ ಆಸೆ ಹಿಂದೊಮ್ಮೆ ತಮಗಿತ್ತೆಂದೂ ಅವರು ಇನ್ನೊಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ.

ಆ ಕೈಗಳು ಬಂದವು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2004 ಮತ್ತು 2006ರಲ್ಲಿ ಈ ಕಥೆಯನ್ನಾಧರಿಸಿ ‘ದಿ ಬ್ಯಾಟಲ್ ಫಾರ್ ಮಿಡಲ್ ಅರ್ತ್’ ಎಂಬ ಎರಡು ಆಟಗಳನ್ನು ತಂದಿತು. 2010ರ ಕೊನೆಗೆ ಅವುಗಳ ಅಂತರ್ಜಾಲ ಸೇವೆ ನಿಂತಿತು. ಕಂಪನಿ ಕೈಬಿಟ್ಟ ಆಟವನ್ನು ಅಭಿಮಾನಿಗಳು ಬಿಡಲಿಲ್ಲ. ಜರ್ಮನಿಯಲ್ಲಿ ಹುಟ್ಟಿದ ‘ಎಡಾಯಿನ್’ ಎಂಬ ಮಾಡ್ ಅದನ್ನು ವರ್ಷಗಳ ಕಾಲ ತಿದ್ದಿ ಬೆಳೆಸಿತು. ಯುರೋಪಿನ ಮಧ್ಯಯುಗವನ್ನು ಕುರಿತ ‘ಮೀಡಿವಲ್ 2: ಟೋಟಲ್ ವಾರ್’ (2006) ಎಂಬ ಆಟದ ಮೇಲೆ ‘ಥರ್ಡ್ ಏಜ್’ ಎಂಬ ಮಾಡ್ ಎದ್ದಿತು, ಅದರ ಮೇಲೆ ಮತ್ತೆ ‘ಡಿವೈಡ್ ಅಂಡ್ ಕಾಂಕರ್’ ಎಂಬ ಇನ್ನೊಂದು. ಇವನ್ನು ಕಟ್ಟಿದವರು ಅವನ್ನು ಉಚಿತವಾಗಿ ಹಂಚಿದರು. ಬಿಡುವಿನ ವೇಳೆಯಲ್ಲಿ ಒಂದೊಂದು ಕೋಟೆ, ಒಂದೊಂದು ಕವಚವನ್ನು ಚಿತ್ರಿಸಿದ ಈ ಪರಿಶ್ರಮ, ರಾತ್ರಿಯೆಲ್ಲ ಎಚ್ಚರವಿದ್ದು ಗೋದಲಿ ಕಟ್ಟುವವರ ಪರಿಶ್ರಮಕ್ಕೆ ಹತ್ತಿರದ್ದು. ಅದನ್ನು ಹಗುರವಾಗಿ ಕಾಣಬಾರದು.

ಆದರೆ ಒಂದು ಕಥೆ ಬೇರೊಂದು ಪಾತ್ರೆಗೆ ಇಳಿಯುವಾಗ ಆ ಪಾತ್ರೆಯ ಆಕಾರವನ್ನು ತಾಳುತ್ತದೆ. ಯುದ್ಧತಂತ್ರದ ಆಟದ ಒಳಗನ್ನು ತೆರೆದು ನೋಡಿದರೆ ಅಲ್ಲಿರುವುದು ಅಂಕೆಗಳ ಪಟ್ಟಿ. ಒಂದು ತುಕಡಿಯಲ್ಲಿ ಎಷ್ಟು ಸೈನಿಕರು, ಅವರ ಹೊಡೆತಕ್ಕೆ ಎಷ್ಟು, ರಕ್ಷಣೆಗೆ ಎಷ್ಟು, ನೇಮಕದ ಖರ್ಚೆಷ್ಟು, ಸಾಕುವ ಖರ್ಚೆಷ್ಟು. ಧೈರ್ಯಕ್ಕೂ ಅಲ್ಲೊಂದು ಅಂಕೆ ಇದೆ. ಮಾಡ್ ಕಟ್ಟುವವನು ಮುಖ್ಯವಾಗಿ ಈ ಅಂಕೆಗಳನ್ನು ತಿದ್ದಬೇಕು. ಮೂಲ ‘ಮೀಡಿವಲ್ 2’ ಆಟದಲ್ಲಿ ವಿಶ್ವಾಸದ ಗತಿಯೂ ಇದೇ. ರೋಮಿನಲ್ಲಿರುವ ಪೋಪರ ಒಲವು ಒಬ್ಬ ರಾಜನ ಮೇಲೆ ಎಷ್ಟಿದೆಯೆಂಬುದನ್ನು ಶಿಲುಬೆಗಳ ಗುರುತಿನಿಂದ ಅಳೆದು ತೋರಿಸುತ್ತಾರೆ. ಬಹಿಷ್ಕಾರವೂ ಕ್ರುಸೇಡೂ ಆಟಗಾರನ ಲಾಭನಷ್ಟದ ಬಾಬ್ತುಗಳು. ಚರಿತ್ರೆಯಲ್ಲಿ ಧರ್ಮವನ್ನು ರಾಜಕಾರಣದ ದಾಳವಾಗಿಸಿದವರು ಇದ್ದರೆಂಬುದು ನಿಜ. ಆದರೆ ಪ್ರಾರ್ಥನೆ, ಪಶ್ಚಾತ್ತಾಪಗಳು ಯಾವ ಅಂಕೆಗೆ ಸಿಕ್ಕಾವು?

ಟೋಲ್ಕಿನ್ ಕಥೆಗೆ ಇದರಿಂದ ಒದಗುವ ತೊಡಕು ಇನ್ನೂ ಆಳವಾದದ್ದು. ಗಲಾಡ್ರಿಯೆಲ್ ಎಂಬ ಎಲ್ಫ್ ಕುಲದ ರಾಣಿಗೆ ಕಥೆಯ ನಾಯಕ ಫ್ರೋಡೊ ಉಂಗುರವನ್ನು ತಾನಾಗಿಯೇ ನೀಡಲು ಮುಂದಾಗುತ್ತಾನೆ. ಆಕೆ ಆ ಶೋಧನೆಯನ್ನು ಗೆದ್ದು ನಿರಾಕರಿಸುತ್ತಾಳೆ. ಆ ನಿರಾಕರಣೆಯೇ ಅವಳ ಜಯ. ‘ಮಿಡಲ್ ಅರ್ತ್’ನ ಎರಡನೆಯ ಆಟದಲ್ಲಾದರೋ, ಒಳಿತಿನ ಪಕ್ಷದ ಆಟಗಾರನು ಉಂಗುರವನ್ನು ಗಳಿಸಿ ಕೋಟೆಗೆ ತಂದರೆ ಅದೇ ಗಲಾಡ್ರಿಯೆಲ್ ಉಂಗುರದ ಬಲದಿಂದ ಭೀಕರ ರೂಪ ತಾಳಿ ಶತ್ರುಸೇನೆಯನ್ನು ಧೂಳೀಪಟ ಮಾಡುತ್ತಾಳೆ. ಪುಸ್ತಕದಲ್ಲಿ ಯಾವುದು ಪತನವೋ ಆಟದಲ್ಲಿ ಅದು ಬಹುಮಾನ. ತಮ್ಮ ಗ್ರಂಥದ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ಇದನ್ನು ಮುಂಗಂಡವರಂತೆ ಬರೆದಿದ್ದಾರೆ: ತಮ್ಮ ಕಥೆ ಎರಡನೆಯ ಮಹಾಯುದ್ಧವನ್ನು ಅನುಸರಿಸಿದ್ದರೆ ಉಂಗುರವನ್ನು ಕಿತ್ತುಕೊಂಡು ಶತ್ರುವಿನ ಮೇಲೆಯೇ ಬಳಸಲಾಗುತ್ತಿತ್ತು ಎಂಬುದು ಅವರ ಮಾತಿನ ಸಾರ. ಕಥೆಯಲ್ಲಿ ಜಯ ತಂದದ್ದು ಸೇನೆಯಲ್ಲ. ಹಾಬಿಟ್ ಎಂಬ ಗಿಡ್ಡ ಜನರು ಗೊಲ್ಲಮ್ ಎಂಬ ದುರ್ದೈವಿಯನ್ನು ಕೊಲ್ಲದೆ ಕರುಣೆಯಿಂದ ಬಿಟ್ಟರು. ಕೊನೆಯ ಗಳಿಗೆಯಲ್ಲಿ ಫ್ರೋಡೊನ ಮನೋಬಲ ಕುಸಿದಾಗ ಅವನಿಂದಲೇ ಉಂಗುರ ಬೆಂಕಿಗೆ ಬಿತ್ತು. ಅಂಕೆಗಳ ಪಟ್ಟಿಯಲ್ಲಿ ಕರುಣೆಗೆ ಮನೆಯಿಲ್ಲ.

ಪವಿತ್ರ ಬೈಬಲ್ ಓದುವವರಿಗೆ ಈ ಎಚ್ಚರಿಕೆ ಹೊಸದಲ್ಲ. ಸಮುವೇಲನ ಎರಡನೆಯ ಗ್ರಂಥದ 24ನೆಯ ಅಧ್ಯಾಯದಲ್ಲಿ ಅರಸ ದಾವೀದನು ಸೇನಾಪತಿ ಯೋವಾಬನ ಮಾತನ್ನು ಮೀರಿ ತನ್ನ ಯೋಧರನ್ನು ಎಣಿಸುತ್ತಾನೆ. ಇಸ್ರಯೇಲಿನಲ್ಲಿ 8 ಲಕ್ಷ, ಯೂದಾಯದಲ್ಲಿ 5 ಲಕ್ಷ ಎಂಬ ಲೆಕ್ಕ ಕೈಗೆ ಬಂದೊಡನೆ ಅವನ ಮನಸ್ಸಾಕ್ಷಿ ಚುಚ್ಚುತ್ತದೆ. ಗಿದ್ಯೋನನ ಬಳಿ 32,000 ಮಂದಿ ಇದ್ದರು. ದೇವರು ಅದನ್ನು 10,000ಕ್ಕೆ, ಕೊನೆಗೆ 300ಕ್ಕೆ ಇಳಿಸಿದರು. ಯಾವ ಯುದ್ಧತಂತ್ರದ ಆಟದಲ್ಲೂ ಇಂಥ ನಡೆ ಗೆಲ್ಲಲಾರದು. ಅಡವಿಯಲ್ಲಿ ಸೈತಾನನು ಲೋಕದ ಸಕಲ ರಾಜ್ಯಗಳನ್ನು ತೋರಿಸಿ ಕೊಡಲು ಬಂದಾಗ ಪ್ರಭು ಯೇಸು ಆ ಭೂಪಟವನ್ನೇ ತಳ್ಳಿಹಾಕಿದರು.

ದೂರದ ಕಥೆಗಳೇಕೆ, ನಮ್ಮ ಜಿಲ್ಲೆಯ ಇತಿಹಾಸವೇ ಇದಕ್ಕೆ ಸಾಕ್ಷಿ. ಚಿತ್ರದುರ್ಗದ ಏಳುಸುತ್ತಿನ ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು. ಗೆದ್ದವರು ಯಾರು, ಸೋತವರು ಯಾರು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಜನರ ನೆನಪು ಆ ಲೆಕ್ಕವನ್ನು ಒಪ್ಪಲಿಲ್ಲ. ಊಟಕ್ಕೆ ಕುಳಿತ ಕಾವಲುಗಾರನ ಹೆಂಡತಿ, ಕೈಗೆ ಸಿಕ್ಕ ಒನಕೆ, ಬಂಡೆಗಳ ನಡುವಿನ ಒಂದು ಕಿಂಡಿ. ಇಷ್ಟೇ. ಯಾವ ಸೇನೆಯ ಪಟ್ಟಿಯಲ್ಲೂ ಓಬವ್ವನ ಹೆಸರಿರಲಿಲ್ಲ. 1972ರಲ್ಲಿ ‘ನಾಗರಹಾವು’ ಚಿತ್ರ ಅವಳನ್ನು ಮನೆಮನೆಗೆ ತಲುಪಿಸಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಓಬವ್ವ ಹಿಡಿದದ್ದು ಒನಕೆ, ಹಾಬಿಟ್ಟರು ಹಿಡಿದದ್ದು ಕರುಣೆ; ಎರಡೂ ಒಂದೇ ಎನ್ನಲಾಗದು. ಆದರೆ ಬಲವಂತರ ಎಣಿಕೆಯಿಂದ ಹೊರಗುಳಿದವರ ಕಡೆಗೆ ಕಥೆಯ ಕಣ್ಣು ಹೊರಳುತ್ತದೆಂಬುದು ಎರಡರಲ್ಲೂ ಕಾಣುವ ಮಾತು. ಮಾತೆ ಮರಿಯಳ ಸ್ತುತಿಗೀತೆಯ ಧ್ವನಿಯೂ ಅದೇ ಅಲ್ಲವೇ?

ಹಾಗಾದರೆ ಮಕ್ಕಳ ಕೈಯಿಂದ ಆಟವನ್ನು ಕಿತ್ತುಕೊಳ್ಳಬೇಕೇ? ಅದು ಸುಲಭವೂ ಅಲ್ಲ, ಸರಿಯೂ ಅಲ್ಲ. ಆಟ ಎಂದರೆ ಗೆಲ್ಲುವ ಹಟವೇ ಆಗಬೇಕೆಂದಿಲ್ಲ. ನಮ್ಮ ಹಿರಿಯರ ಪರಮಪದ ಸೋಪಾನಪಟದಲ್ಲಿ ಏಣಿಗಳು ಸದ್ಗುಣಗಳು, ಹಾವುಗಳು ದುರ್ಗುಣಗಳು. ಕೊನೆಯ ಮನೆ ಪರಲೋಕ. ಅಂದರೆ ಏನನ್ನು ಎಣಿಸಬೇಕೆಂದು ತೀರ್ಮಾನಿಸುವವನು ಆಟವನ್ನು ಕಟ್ಟುವವನೇ. ಹಳೆಯ ಆಟದ ಅಂಕೆಗಳನ್ನು ತಿದ್ದಬಲ್ಲ ಯುವಕರು ಅದರ ಗುರಿಯನ್ನೂ ಮರುಚಿಂತಿಸಬಲ್ಲರು.

ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ರಾಯದುರ್ಗದ ಕಡೆಗೆ ದಾರಿ ಕವಲೊಡೆಯುವ ಚಿಕ್ಕಜಾಜೂರಿನ ನಿಲ್ದಾಣದಲ್ಲೂ ರೈಲಿಗೆ ಕಾಯುವ ಎಳೆಯರ ಕೈಯಲ್ಲಿ ಇಂದು ಯಾವುದಾದರೊಂದು ಆಟವಿರುತ್ತದೆ. ಮನೆಯ ಹಿರಿಯರು ಒಮ್ಮೆ ಅವರ ಪಕ್ಕದಲ್ಲಿ ಕುಳಿತು ಆಟವನ್ನು ನೋಡಲಿ. ಈ ಆಟದಲ್ಲಿ ಯಾವುದಕ್ಕೆ ಅಂಕ ಸಿಗುತ್ತದೆ, ಕ್ಷಮಿಸಿದವನಿಗೆ ಏನಾಗುತ್ತದೆ, ದುರ್ಬಲನಿಗೆ ಇಲ್ಲಿ ಜಾಗವುಂಟೇ ಎಂದು ಕೇಳಲಿ. ಬಳಿಕ ಆಟಕ್ಕೆ ಆಧಾರವಾದ ಕಥೆಯನ್ನು ಜೊತೆಯಾಗಿ ಓದಲಿ. ಕಥೆಗೂ ಆಟಕ್ಕೂ ನಡುವಿನ ಅಂತರವನ್ನು ಮಗುವೇ ಕಂಡುಕೊಂಡರೆ, ನಾಳೆ ಅಂಕಪಟ್ಟಿ, ಸಂಬಳ, ಅಧಿಕಾರಗಳು ಅದರ ಬದುಕನ್ನು ಎಣಿಸಲು ಬಂದಾಗ, ಎಣಿಕೆಗೆ ಸಿಗದದ್ದನ್ನು ಗುರುತಿಸುವ ಕಣ್ಣು ಅದಕ್ಕಿರುತ್ತದೆ.